ಸಮುದ್ರವಿಲ್ಲದ ಊರಿನ ಹಡಗು ಕಾಲೇಜು

ಪಕ್ಕದ ಮನೆಯ ಹುಡುಗಿ ಮುಂದಿನ ಸೆಮಿಸ್ಟರನ್ನು ಹಡಗಿನಲ್ಲಿ ಓದುತ್ತಾಳಂತೆ. ಹತ್ತೊಂಬತ್ತು ವರ್ಷದವಳು, ವಿಷಯ ಇತಿಹಾಸ. ಸೂಟ್‌ಕೇಸ್ ಸಾಲ ಕೇಳಲು ಬಂದವಳು ನಮ್ಮ ಅಡುಗೆಮನೆಯ ಗೋಡೆಯ ಫೋಟೊ ಮುಂದೆ ನಿಂತುಬಿಟ್ಟಳು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ, ಸದಾಶಿವಗಡದ ಗುಡ್ಡದಿಂದ ತೆಗೆದದ್ದು.

"ಇದು ನಿಮ್ಮೂರಾ? ಹಾಗಾದ್ರೆ ನಿಮ್ಮಲ್ಲಿ ಕಾಲೇಜು ಮಕ್ಕಳೆಲ್ಲ ಸಮುದ್ರದಲ್ಲೇ ಓದಿರ್ತಾರೆ ಅಲ್ವಾ? ಎಷ್ಟು ಪುಣ್ಯವಂತರು!" ಎಂದಳು.

ಮನಸಾರೆ ಹೇಳಿದ ಮಾತು. ಅದಕ್ಕೇ ಜಾಸ್ತಿ ನಾಟಿತು. ಇಲ್ಲ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಾನಿರುವ ಫೋರ್ಟ್ ಕಾಲಿನ್ಸ್ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿದೆ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪಶ್ಚಿಮಕ್ಕೆ ಬೆಟ್ಟ, ಪೂರ್ವಕ್ಕೆ ಬಯಲು. ನೀರು ನೋಡಬೇಕೆಂದರೆ ಹಾರ್ಸ್‌ಟೂತ್ ಜಲಾಶಯಕ್ಕೆ ಹೋಗಬೇಕು. ಇಂಥ ಊರಿನ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿ 2016ರಲ್ಲಿ 'ಸೆಮಿಸ್ಟರ್ ಅಟ್ ಸೀ' ಎಂಬ ಹಡಗು ಕಾಲೇಜಿನ ಜೊತೆ ಕೈಜೋಡಿಸಿತು. ಅದಕ್ಕೂ ಮೊದಲು ಪಿಟ್ಸ್‌ಬರ್ಗ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಅದಕ್ಕೆ ಬೆಂಬಲವಾಗಿದ್ದವು.

ಅವರ ಹಡಗು 1998ರಲ್ಲಿ ಜರ್ಮನಿಯ ಕೀಲ್ ಎಂಬ ಊರಲ್ಲಿ ಕಟ್ಟಿದ್ದು. ಆಗ ಅದರ ಹೆಸರು ಡಾಯ್ಚ್‌ಲಾಂಡ್, ದುಡ್ಡಿದ್ದವರ ವಿಹಾರಕ್ಕೆ ಮಾಡಿದ ಕ್ರೂಸ್ ಹಡಗು. ಅದನ್ನು ನಡೆಸುತ್ತಿದ್ದ ಕಂಪನಿ ದಿವಾಳಿಯಾಯಿತು. 2015ರಿಂದ ಅದೇ ಹಡಗು 'ವರ್ಲ್ಡ್ ಒಡಿಸ್ಸಿ' ಎಂಬ ಹೆಸರಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದೆ. ಒಂದು ಸೆಮಿಸ್ಟರ್ ಅಂದರೆ ಸುಮಾರು ನೂರು ದಿನದ ಪ್ರಯಾಣ. ನಡುನೀರಿನಲ್ಲಿರುವಾಗ ದಿನಾ ತರಗತಿ. ಬಂದರಿಗೆ ಬಂದರೆ ಪುಸ್ತಕ ಮುಚ್ಚಿ ಊರು ನೋಡುವುದು, ಪಾಠಕ್ಕೆ ಸಂಬಂಧಿಸಿದ ಜಾಗಕ್ಕೆ ಮೇಷ್ಟರ ಜೊತೆ ಹೋಗಿಬರುವುದು.

ಕಲ್ಪನೆ ಹೊಸದಲ್ಲ. 1926ರಲ್ಲೇ ರಿಂಡಾಮ್ ಎಂಬ ಹಡಗು ಸುಮಾರು 500 ವಿದ್ಯಾರ್ಥಿಗಳನ್ನು ಹತ್ತಿಸಿಕೊಂಡು ನ್ಯೂಯಾರ್ಕ್ ಪಕ್ಕದ ಹೊಬೊಕನ್‌ನಿಂದ ಲೋಕ ಸುತ್ತಲು ಹೊರಟಿತ್ತು. ಆಮೇಲೆ ಹಾಂಗ್‌ಕಾಂಗ್‌ನ ಹಡಗು ಉದ್ಯಮಿ ಸಿ. ವೈ. ತುಂಗ್ ಹಳೆಯ ಕ್ವೀನ್ ಎಲಿಜಬೆತ್ ಹಡಗನ್ನೇ ಕೊಂಡರು. ಅದನ್ನು ತೇಲುವ ವಿಶ್ವವಿದ್ಯಾಲಯ ಮಾಡಬೇಕೆಂದು ಕೆಲಸ ನಡೆಯುತ್ತಿತ್ತು. 1972ರ ಜನವರಿಯಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲೇ ಬೆಂಕಿ ಬಿದ್ದು ಮಗುಚಿತು. ಅಷ್ಟು ದೊಡ್ಡ ಪೆಟ್ಟು ತಿಂದರೂ ಆ ಮನುಷ್ಯ ಕೈಬಿಡಲಿಲ್ಲ, ಇನ್ನೊಂದು ಚಿಕ್ಕ ಹಡಗಿನಲ್ಲಿ ಪಾಠ ಮುಂದುವರಿಯಿತು. ಇದನ್ನು ಓದಿದಾಗಿನಿಂದ ಅವರ ಮೇಲೆ ನನಗೆ ದೊಡ್ಡ ಗೌರವ.

ಹುಡುಗಿಯ ಮಾತಿಗೆ ಬರುತ್ತೇನೆ. ನಾನು ಮೀನುಗಾರರ ಮನೆಯ ಮಗಳು. ಅಪ್ಪ ರಾಂಪಣಿ ಬಲೆ ಎಳೆದವರು. ದಡದಲ್ಲಿ ನಿಂತು ಹತ್ತಾರು ಜನ ಒಟ್ಟಿಗೆ ಎಳೆಯುವ ಬಲೆ ಅದು. ಎಂಜಿನ್ ಇರುವ ಟ್ರಾಲರ್, ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಬಡವಾಯಿತು. ಅಮ್ಮ ಪೇಟೆಯಲ್ಲಿ ಕೂತು ಬಾಂಗಡೆ ಮಾರಿದಳು. ಮನೆಯಲ್ಲಿ ಕೇಳಿದ್ದು ಒಂದೇ ಮಾತು: "ಓದು, ಇಲ್ಲಾಂದ್ರೆ ನೀನೂ ಈ ಉಪ್ಪುನೀರಲ್ಲೇ ಕೊಳೀಬೇಕಾಗುತ್ತೆ." ಹಾಗಾಗಿ ನಮ್ಮ ಪಾಲಿಗೆ ಓದು ಅಂದರೆ ಸಮುದ್ರಕ್ಕೆ ಬೆನ್ನು ಹಾಕಿ ಘಟ್ಟ ಹತ್ತುವುದು. ಬೆಳಗಿನ ಬಸ್ಸು, ಅರಬೈಲ್ ಘಟ್ಟದ ತಿರುವುಗಳು, ಚೀಲದಲ್ಲಿ ಒಣ ಸಿಗಡಿ ಚಟ್ನಿಯ ಡಬ್ಬಿ. ಅದರ ವಾಸನೆ ಹೊರಗೆ ಬರಬಾರದೆಂದು ಅಮ್ಮ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಮತ್ತೆ ಒಂದು ಹಳೇ ಸೀರೆಯ ತುಂಡಲ್ಲಿ ಸುತ್ತುತ್ತಿದ್ದಳು. ಧಾರವಾಡದ ಹಾಸ್ಟೆಲ್ ತಲುಪುವ ಹೊತ್ತಿಗೆ ನನ್ನ ಬಟ್ಟೆಗೆಲ್ಲ ಅದೇ ವಾಸನೆ. ಸಮುದ್ರ ಅಲ್ಲಿ ಮುಚ್ಚಿಡುವ ವಸ್ತುವಾಗಿತ್ತು.

ಇಲ್ಲಿಯ ಹುಡುಗಿಗೆ ಓದು ಅಂದರೆ ಸಮುದ್ರಕ್ಕೆ ಹೋಗುವುದು. ನಮಗೆ ಅಲ್ಲಿಂದ ಬಿಡುಗಡೆ. ಇದು ನನ್ನನ್ನು ಇವತ್ತಿಗೂ ಕಾಡುತ್ತಿದೆ. ಅಮ್ಮನ ತಪ್ಪು ಅನ್ನಲಾರೆ. ಬಡತನ ಕಂಡವರು ಮಕ್ಕಳಿಗೆ ಬೇರೆ ಏನು ಹೇಳಿಯಾರು?

ಕಾರವಾರದಲ್ಲಿ ಏನೂ ಇಲ್ಲ ಎಂದಲ್ಲ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ನಮ್ಮ ಹೆಮ್ಮೆ ಅದು. ಆದರೆ ಬಿ.ಎ., ಬಿ.ಕಾಂ. ಓದುವ ನಮ್ಮ ಮಕ್ಕಳಿಗೆ? ನನ್ನ ಅಕ್ಕನ ಮಗ ಡಿಗ್ರಿ ಮಾಡುತ್ತಿದ್ದಾನೆ. ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಬೋಟಿನಲ್ಲಿ ಹೋದದ್ದು ಬಿಟ್ಟರೆ ಅವನು ನೀರಿಗಿಳಿದಿಲ್ಲ. ದೇವಗಡದ ದೀಪಸ್ತಂಭ ದಿನಾ ಕಣ್ಣಿಗೆ ಕಾಣುತ್ತದೆ. ಅದು ಯಾಕಿದೆ, ಹೇಗೆ ನಡೆಯುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ಹಡಗೊಂದು ಮಕ್ಕಳಿಗೆ ಏನು ಮಾಡಬಲ್ಲದು ಎನ್ನುವುದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್ಎಸ್ ಚಪಲ್, 2005ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಪುಟ್ಟ ಕ್ಷಿಪಣಿ ನೌಕೆ. ಕಳೆದ ಸಲ ಊರಿಗೆ ಬಂದಾಗ ಒಳಗೆ ಹೋಗಿದ್ದೆ. ಹಾವೇರಿ ಕಡೆಯ ಶಾಲಾಮಕ್ಕಳು ಪ್ರವಾಸ ಬಂದಿದ್ದರು. ಇಕ್ಕಟ್ಟಾದ ಕಬ್ಬಿಣದ ಏಣಿ, ತಲೆ ಬಗ್ಗಿಸಿ ನುಗ್ಗುವ ಬಾಗಿಲು. ಒಬ್ಬ ಪೋರ ಒಂದು ಚಕ್ರದ ಮುಂದೆ ನಿಂತು ಅಲ್ಲಾಡಲೇ ಇಲ್ಲ. "ಇದನ್ನ ತಿರುಗಿಸಿದ್ರೆ ಹಿಂದೆ ಏನಾಗುತ್ತೆ ಸಾರ್?" ಎಂದು ಮೂರು ಸಲ ಕೇಳಿದ. ಮೇಷ್ಟರು ಸಾಲು ಮುಂದೆ ಹೋಗಲಿ ಎಂದು ಅವನ ಭುಜ ತಳ್ಳಿದರು. ಆ ಪ್ರಶ್ನೆಗೆ ಉತ್ತರಿಸಲು ಅಲ್ಲಿ ಒಬ್ಬರಿದ್ದಿದ್ದರೆ ಅದೇ ಒಂದು ತರಗತಿ ಆಗುತ್ತಿತ್ತು.

ವಿಮಾನವಾಹಕ ನೌಕೆ ಐಎನ್ಎಸ್ ವಿರಾಟ್ ಗತಿ ಏನಾಯಿತು ಗೊತ್ತಲ್ವಾ? 2017ರಲ್ಲಿ ನಿವೃತ್ತಿ, ಮ್ಯೂಸಿಯಂ ಮಾಡುವ ಮಾತು, ಕೊನೆಗೆ 2020ರಲ್ಲಿ ಗುಜರಾತಿನ ಅಲಂಗ್‌ಗೆ, ಒಡೆಯಲು. ಕರ್ಣಿಕಾ ಎಂಬ ಕ್ರೂಸ್ ಹಡಗೂ ಅದೇ ವರ್ಷ ಅಲ್ಲಿಗೇ ಹೋಯಿತು. ಹಾಸಿಗೆ, ಅಡುಗೆಮನೆ, ಸಭಾಂಗಣ ಎಲ್ಲ ಇದ್ದ ಹಡಗು. ಅದನ್ನು ಲೋಕ ಸುತ್ತಿಸಬೇಕಿಲ್ಲ. ಕಾರವಾರದ ಬಂದರು ಬೈತಖೋಲದಂಥ ಕಡೆ ಲಂಗರು ಹಾಕಿ ನಿಲ್ಲಿಸಿದ್ದರೂ ಜೋಯಿಡಾ, ಯಲ್ಲಾಪುರ, ಭಟ್ಕಳದ ಮಕ್ಕಳಿಗೆ ಹಾಸ್ಟೆಲ್ಲೂ ಆಗುತ್ತಿತ್ತು, ಪಾಠಶಾಲೆಯೂ ಆಗುತ್ತಿತ್ತು.

ಖರ್ಚಿನ ಮಾತು ನನಗೆ ಗೊತ್ತು. ಹಳೆಯ ಹಡಗು ಅಂದರೆ ತುಕ್ಕು, ಕಲ್ನಾರು, ಡೀಸೆಲ್. ದುಬೈಗೆ ಹೋದ ಕ್ವೀನ್ ಎಲಿಜಬೆತ್ 2 ಹಡಗೇ 2008ರಿಂದ 2018ರವರೆಗೆ ಕೆಲಸವಿಲ್ಲದೆ ನಿಂತು ಆಮೇಲೆ ಹೋಟೆಲ್ ಆಯಿತು. ಇನ್ನೂ ಮುಖ್ಯವಾದದ್ದು, ಮೀನುಗಾರರನ್ನು ಕೇಳದೆ ಏನನ್ನೂ ತರಬಾರದು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರು, 2020ರಲ್ಲಿ ಬಂದರು ವಿಸ್ತರಣೆ ಬೇಡವೆಂದು ಬೀದಿಗಿಳಿದವರು ಅವರೇ. ಇನ್ನೊಮ್ಮೆ ಅವರ ನೀರಿನ ಮೇಲೆ ಯಾರದೋ ಯೋಜನೆ ಬಂದು ಕೂರಬಾರದು.

ಹಾಗಾಗಿ ಅಣ್ಣನಿಗೆ ಫೋನ್ ಮಾಡಿದೆ. ಅವನದು ಈಗ ಸ್ವಂತ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ಸುಮ್ನೆ ನಿಂತಿರುತ್ತವೆ. ಆಗ ಕಾಲೇಜು ಮಕ್ಕಳು ಬಂದು ಎಂಜಿನ್, ಜಿಪಿಎಸ್, ಬಲೆ ಎಲ್ಲ ನೋಡಿ ಕಲಿಯಬಹುದಲ್ವಾ ಎಂದೆ. ಸ್ವಲ್ಪ ಯೋಚಿಸಿ ಹೇಳಿದ: "ಬರಲಿ. ಬಲೆ ಹೆಣೆಯೋದು ನಾನೇ ತೋರಿಸ್ತೀನಿ. ಮಳೆ ನಿಂತ ಮೇಲೆ ಒಂದು ದಿನ ಹೊರಗೂ ಕರ್ಕೊಂಡು ಹೋಗ್ತೀನಿ. ಜೀವರಕ್ಷಕ ಜಾಕೆಟ್ ಯಾರು ಕೊಡ್ತಾರೆ?"

ಜಾಕೆಟ್ ಖರ್ಚು ನನ್ನದು ಎಂದಿದ್ದೇನೆ. ಕಾರವಾರ, ಅಂಕೋಲಾ ಕಡೆಯ ಉಪನ್ಯಾಸಕರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಅಣ್ಣ ಬೆಳಗ್ಗೆ ಹತ್ತರ ನಂತರ ಬೈತಖೋಲದಲ್ಲೇ ಇರುತ್ತಾನೆ.