ಹಾವುಮೀನಿನ ಊರಲ್ಲಿ ಒಂದು ಸೋತ ವರ್ಷ

ಊರಿಂದ ಯಾರೇ ಫೋನ್ ಮಾಡಿದ್ರೂ ಸಿಡ್ನಿ ಅಂದ್ರೆ ಆಪೆರಾ ಹೌಸು, ಬೀಚು, ಹೊಸ ವರ್ಷದ ಪಟಾಕಿ ಅಂತಾನೇ ಶುರು ಮಾಡ್ತಾರೆ. ನಾನಿರೋದು ಅದ್ಯಾವುದರ ಪಕ್ಕದಲ್ಲೂ ಅಲ್ಲ ಸ್ವಾಮಿ, ಪಶ್ಚಿಮಕ್ಕೆ ವೆಂಟ್ವರ್ತ್‌ವಿಲ್ ಅಂತ ಒಂದು ಏರಿಯಾ, ಬೀಚಿಗೆ ಹೋಗ್ಬೇಕು ಅಂದ್ರೆ ಬುತ್ತಿ ಕಟ್ಕೊಂಡು ಹೊರಡ್ಬೇಕು ಅಷ್ಟು ದೂರ. ನಮಗೆ ಪೇಟೆ ಅಂದ್ರೆ ಪ್ಯಾರಮ್ಯಾಟ, ಅದಕ್ಕೆ ಅಂಟ್ಕೊಂಡಿರೋ ಹ್ಯಾರಿಸ್ ಪಾರ್ಕಲ್ಲಿ ದೋಸೆ ಪಾನಿಪುರಿ ಎಲ್ಲಾ ಸಿಗುತ್ತೆ, ಟ್ರೇನಲ್ಲಿ ಕನ್ನಡ ಕೇಳ್ಸೋದು ಇಲ್ಲಿ ಆಶ್ಚರ್ಯ ಅಲ್ವೇ ಅಲ್ಲ. ಪ್ಯಾರಮ್ಯಾಟ ಅನ್ನೋ ಹೆಸರು ಇಲ್ಲಿನ ಮೂಲ ಜನ ದಾರುಗ್‌ರ ಭಾಷೇದು, ಹಾವುಮೀನು ಮಲಗೋ ಜಾಗ ಅಂತ ಅರ್ಥ ಹೇಳ್ತಾರೆ, ಅದಕ್ಕೇ ಇಲ್ಲಿನ ರಗ್ಬಿ ಲೀಗ್ ಕ್ಲಬ್ಬಿಗೆ ಈಲ್ಸ್ ಅಂತ ಹೆಸರು. ನೀಲಿ ಹಳದಿ ಜರ್ಸಿ. 2024ರಲ್ಲಿ ಆ ಜರ್ಸಿ ಹಾಕ್ಕೊಂಡು ಬೀದೀಲಿ ಓಡಾಡೋಕೆ ಸ್ವಲ್ಪ ಧೈರ್ಯ ಬೇಕಿತ್ತು.

ನಾನು ಇಲ್ಲಿಗೆ ಬಂದಿದ್ದು 2019ರ ಶುರುವಲ್ಲಿ. ಬಂದು ಎರಡು ತಿಂಗಳಾಗಿತ್ತೇನೋ, ಆಫೀಸಲ್ಲಿ ಒಬ್ರು ಈಸ್ಟರ್ ಸೋಮವಾರ ಹೊಸ ಸ್ಟೇಡಿಯಮಲ್ಲಿ ಮೊದಲ ಲೀಗ್ ಮ್ಯಾಚು, ಒಂದು ಟಿಕೆಟ್ ಜಾಸ್ತಿ ಇದೆ ಬಾ ಅಂದ್ರು, ರಜಾ ದಿನ ಮನೇಲಿ ಕೂತು ಏನು ಮಾಡೋದು ಅಂತ ಹೋದೆ. ಮೂವತ್ತು ಸಾವಿರ ಜನ ಹಿಡಿಯೋ ಸ್ಟೇಡಿಯಂ, ಮೆಟ್ಟಿಲು ಎಷ್ಟು ಕಡಿದು ಅಂದ್ರೆ ಮೇಲೆ ಕೂತ್ರೆ ಬಾವಿಯೊಳಗೆ ಬಗ್ಗಿ ನೋಡ್ದಂಗೆ. ಅವತ್ತು ಈಲ್ಸ್ ವೆಸ್ಟ್ಸ್ ಟೈಗರ್ಸನ್ನ 51-6ಕ್ಕೆ ಚಚ್ಚಿ ಹಾಕಿದ್ರು. ಏನಪ್ಪಾ ಇದು ಇಷ್ಟು ಜೋರಾದ ಟೀಮು, ಇದನ್ನೇ ಹಿಡ್ಕೊಳ್ಳೋಣ ಅಂತ ಅವತ್ತೇ ಜರ್ಸಿ ತಗೊಂಡೆ. ಆಮೇಲೆ ಗೊತ್ತಾಯ್ತು, ಇವರು ಕೊನೇ ಸಲ ಕಪ್ ಎತ್ತಿದ್ದು 1986ರಲ್ಲಿ, ಅಂದ್ರೆ ನಾನು ಹುಟ್ಟೋಕೆ ಒಂದು ವರ್ಷ ಮುಂಚೆ! ಇಡೀ ಲೀಗಲ್ಲಿ ಇಷ್ಟು ದಿನ ಕಪ್ಪಿಲ್ಲದೆ ಒಣಗಿರೋ ಕ್ಲಬ್ ಇನ್ನೊಂದಿಲ್ಲ. ಆರ್‌ಸಿಬಿ ಅಭಿಮಾನಿ ಸಾವಿರಾರು ಮೈಲಿ ದೂರ ಬಂದು ಹುಡುಕಿ ಹುಡುಕಿ ಹಿಡ್ಕೊಂಡಿದ್ದು ಇಂಥದ್ದನ್ನ, ಹಣೆಬರಹ ನೋಡಿ.

ಆಟ ಗೊತ್ತಿಲ್ಲದೋರಿಗೆ ಒಂಚೂರು ಹೇಳ್ಬಿಡ್ತೀನಿ. ಕಬಡ್ಡಿ ನೋಡಿದೋರಿಗೆ ಅರ್ಧ ಗೊತ್ತಿದ್ದಂಗೇ. ಒಂದು ಕಡೆಗೆ 13 ಜನ, ಮೊಟ್ಟೆ ಆಕಾರದ ಚೆಂಡನ್ನ ಕಂಕುಳಲ್ಲಿ ಅವುಚ್ಕೊಂಡು ಎದುರು ಗೆರೆ ಕಡೆ ನುಗ್ಬೇಕು, ಅವರು ಇಬ್ಬರು ಮೂರು ಜನ ಬಂದು ತಬ್ಬಿ ಕೆಡವ್ತಾರೆ, ಬಿದ್ದೋನು ಎದ್ದು ಚೆಂಡನ್ನ ಕಾಲಲ್ಲಿ ಹಿಂದಕ್ಕೆ ಉರುಳಿಸಿ ಮತ್ತೆ ಶುರು, ಹಿಂಗೆ ಆರು ಸಲ ಕೆಡವಿಸ್ಕೊಳ್ಳೋ ತನಕ ಮಾತ್ರ ಚೆಂಡು ನಿಮ್ದು, ಆಮೇಲೆ ಅವರದ್ದು. ಕೈಯಲ್ಲಿ ಪಾಸ್ ಕೊಡೋದಾದ್ರೆ ಹಿಂದಕ್ಕೇ ಕೊಡ್ಬೇಕು, ಮುಂದಕ್ಕೆ ಎಸೆಯೋ ಹಂಗಿಲ್ಲ. ಗೆರೆ ದಾಟಿ ನೆಲಕ್ಕೆ ಚೆಂಡು ಒತ್ತಿದ್ರೆ ಅದು ಟ್ರೈ, 4 ಪಾಯಿಂಟು, ಮೇಲೆ ಕಂಬದ ಮಧ್ಯೆ ಒದ್ರೆ ಇನ್ನೆರಡು. ನಮ್ಮಮ್ಮ ವಿಡಿಯೋ ಕಾಲಲ್ಲಿ ಹತ್ತು ನಿಮಿಷ ನೋಡಿ ಕೊಟ್ಟ ತೀರ್ಪು, "ಒಂದು ಚೆಂಡಿಗೆ ಇಷ್ಟು ಜನ ಹೊಡ್ದಾಡೋ ಬದ್ಲು ಒಬ್ಬೊಬ್ಬರಿಗೂ ಒಂದೊಂದು ತೆಕ್ಕೊಡಬಾರ್ದೇನೋ."

2024 ಚೆನ್ನಾಗೇ ಶುರುವಾಯ್ತು, ಅದೇ ಮೋಸ. ಮಾರ್ಚಲ್ಲಿ ಮೊದಲ ಮ್ಯಾಚಿಗೇ ಬುಲ್‌ಡಾಗ್ಸ್ ಮೇಲೆ ಗೆದ್ರು, ಅದು ಹಳೇ ವೈರಿ, ಅವತ್ತು ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ಚರ್ಚ್ ಸ್ಟ್ರೀಟ್ ಉದ್ದಕ್ಕೂ ನಡ್ಕೊಂಡು ಸ್ಟೇಷನ್ನಿಗೆ ಬಂದ್ವಿ. ಆ ತಿಂಗಳು ಮುಗಿಯೋದ್ರೊಳಗೆ ಮಿಚೆಲ್ ಮೋಸೆಸ್ ಕಾಲಿಗೆ ಏಟು, ಎರಡು ತಿಂಗಳು ಹೊರಗೆ. ಇವನು ಹಾಫ್‌ಬ್ಯಾಕು, ಅಂದ್ರೆ ಯಾವಾಗ ಒದೀಬೇಕು ಯಾರಿಗೆ ಚೆಂಡು ಕೊಡ್ಬೇಕು ಎಲ್ಲಾ ನಿರ್ಧಾರ ಇವನದ್ದೇ, ಮದುವೆ ಮನೇಲಿ ಅಡುಗೆ ಭಟ್ಟ ಇದ್ದಂಗೆ. ಭಟ್ಟ ಬರ್ಲಿಲ್ಲ ಅಂದ್ರೆ ಸಾಮಾನೆಲ್ಲ ಇರುತ್ತೆ, ತರಕಾರಿ ಹೆಚ್ಚೋರೂ ಇರ್ತಾರೆ, ಊಟ ಮಾತ್ರ ಆಗಲ್ಲ. ಹಂಗೇ ಆಯ್ತು.

ಮೆರಿಲ್ಯಾಂಡ್ಸಲ್ಲಿ ನಾನು ಕಟಿಂಗ್ ಮಾಡಿಸೋ ಅಂಗಡಿಯವನು ಲೆಬನಾನಿನೋನು, ಮೋಸೆಸ್ ಮನೆತನವೂ ಲೆಬನಾನಿಂದೇ, ವರ್ಲ್ಡ್ ಕಪ್ಪಲ್ಲಿ ಲೆಬನಾನ್ ಟೀಮಿಗೆ ಕ್ಯಾಪ್ಟನ್ ಆಗಿದ್ದೋನು, ಹಂಗಾಗಿ ಆ ಅಂಗಡೀಲಿ ಮೋಸೆಸ್ ಕಾಲು ಅಂದ್ರೆ ಮನೆ ಮಗನ ಕಾಲು ಮುರಿದಷ್ಟು ದುಃಖ. ಕನ್ನಡಿ ಪಕ್ಕ ಟೀವಿ, ಟೀವೀಲಿ ಈಲ್ಸ್ ಸೋಲ್ತಾ ಇದ್ರೆ ಅವನ ಕತ್ತರಿ ನಿಂತೇ ಹೋಗೋದು, ಒಂದ್ಸಲ ಅರ್ಧ ತಲೆ ಮಾಡಿ ಟೀ ಕುಡಿಯೋಕೆ ಹೊರಗೆ ಹೋಗ್ಬಿಟ್ಟ, ನಾನು ಬಟ್ಟೆ ಹೊದ್ದುಕೊಂಡು ಕೂತೇ ಇದ್ದೆ.

ಮೇ ತಿಂಗಳ ಒಂದು ವಾರ ಮರೆಯೋ ಹಂಗಿಲ್ಲ. ಬ್ರಿಸ್ಬೇನಲ್ಲಿ ಮೆಲ್ಬೋರ್ನ್ ಸ್ಟಾರ್ಮ್ ಕೈಲಿ 48-16ಕ್ಕೆ ಸೋತ್ರು. ಅದೇ ವೀಕೆಂಡಲ್ಲಿ ಚಿನ್ನಸ್ವಾಮೀಲಿ ಆರ್‌ಸಿಬಿ ಸತತ ಆರನೇ ಮ್ಯಾಚ್ ಗೆದ್ದು, ಚೆನ್ನೈನ ಮನೆಗೆ ಕಳಿಸಿ ಪ್ಲೇಆಫ್ ಸೇರಿತ್ತು, ನಾವು ನಾಲ್ಕು ಮನೆಯೋರು ಸೇರಿ ನಡುರಾತ್ರಿ ಎದ್ದಿದ್ದು ನೋಡಿದ್ವಿ, ಹಂಗಾಗಿ ಒಂದು ಕಣ್ಣಲ್ಲಿ ನಗು ಇನ್ನೊಂದರಲ್ಲಿ ಅಳು. ಮೇ 20ರ ಸೋಮವಾರ ಈಲ್ಸ್ ಕೋಚ್ ಬ್ರ್ಯಾಡ್ ಆರ್ಥರನ್ನ ತೆಗೆದು ಹಾಕಿದ್ರು. ಬುಧವಾರ ಆರ್‌ಸಿಬಿ ರಾಜಸ್ಥಾನದ ಮೇಲೆ ಸೋತು ಮನೆಗೆ. ಎರಡು ದಿನದಲ್ಲಿ ಎರಡು ಸೂತಕ.

ಆರ್ಥರ್ 2014ರಿಂದ ಇದ್ದೋರು. ಐದು ಸಲ ಟೀಮನ್ನ ಫೈನಲ್ಸ್ ಸೀರೀಸಿಗೆ, ಅಂದ್ರೆ ಟಾಪ್ ಎಂಟು ಟೀಮಿನ ಪ್ಲೇಆಫಿಗೆ ಕರ್ಕೊಂಡು ಹೋದ್ರು, 2022ರಲ್ಲಿ ಕಪ್ಪಿನ ಕೊನೇ ಮ್ಯಾಚು ಗ್ರ್ಯಾಂಡ್ ಫೈನಲ್ ತನಕ. ಅಂಥೋರನ್ನ ಸೀಸನ್ ನಡುವೆ ಕಳ್ಸಿದ್ದು ಸರಿ ಅಂತ ನಮ್ಮ ಪಕ್ಕದ ಮನೆ ತಾತ, ತಪ್ಪು ಅಂತ ನಾನು, ಬೇಲಿಯ ಎರಡು ಕಡೆ ನಿಂತು ಒಂದು ಗಂಟೆ ವಾದ. ಈ ತಾತ ಚಿಕ್ಕಂದಿನಿಂದ ಇದೇ ಊರಲ್ಲಿ ಇರೋರು. 1981ರಲ್ಲಿ ಈಲ್ಸ್ ಮೊದಲ ಸಲ ಕಪ್ ಗೆದ್ದ ರಾತ್ರಿ ಅಭಿಮಾನಿಗಳು ಖುಷಿ ತಡ್ಕೊಳ್ಳೋಕೆ ಆಗದೆ ತಮ್ಮದೇ ಗ್ರೌಂಡು ಕಂಬರ್ಲ್ಯಾಂಡ್ ಓವಲ್ಲಿನ ಮರದ ಸ್ಟ್ಯಾಂಡಿಗೆ ಬೆಂಕಿ ಇಟ್ಬಿಟ್ಟಿದ್ರು, ಇದು ನಿಜವಾಗ್ಲೂ ನಡೆದ ಕಥೆ. ತಾತನ್ನ ಕೇಳಿದ್ರೆ ನಾನೂ ಅಲ್ಲೇ ಇದ್ದೆ ಅಂತಾರೆ, ನೀವೂ ಹಚ್ಚಿದ್ರಾ ಅಂದ್ರೆ ಗುಲಾಬಿ ಗಿಡಕ್ಕೆ ನೀರು ಹಾಕೋಕೆ ಹೋಗ್ತಾರೆ. ಗೆದ್ರೆ ಬೆಂಕಿ ಇಡೋ ಜನ, ಸೋತ್ರೆ ಕೋಚನ್ನ ಬಿಡ್ತಾರಾ.

ನನ್ನ ವಾದ ಇಷ್ಟೇ, ಈ ಸೀಸನ್ ಸೋತಿದ್ದು 2024ರಲ್ಲಿ ಅಲ್ಲ. 2022ರ ಗ್ರ್ಯಾಂಡ್ ಫೈನಲಲ್ಲಿ ಪೆನ್ರಿತ್ ಕೈಲಿ 28-12ಕ್ಕೆ ಸೋತ ಮೇಲೆ, ನಮ್ಮ ಆಟಗಾರರಲ್ಲಿ ಪಾಪಾಲಿ ಟೈಗರ್ಸಿಗೆ ಹೋದ, ರೀಡ್ ಮಹೋನಿ ಬುಲ್‌ಡಾಗ್ಸಿಗೆ, ನಿಯುಕೋರೆ ನ್ಯೂಜಿಲೆಂಡಿನ ವಾರಿಯರ್ಸಿಗೆ. ಐಪಿಎಲ್ ಪರ್ಸ್ ಇದ್ದಂಗೆ ಇಲ್ಲೂ ಸ್ಯಾಲರಿ ಕ್ಯಾಪ್ ಇದೆ, ಎಲ್ಲರನ್ನೂ ಇಟ್ಕೊಳ್ಳೋಕೆ ಆಗಲ್ಲ (2016ರಲ್ಲಿ ಅದನ್ನ ಮೀರಿ ಹೋಗಿ ಸಿಕ್ಕಿಬಿದ್ದು 12 ಪಾಯಿಂಟ್ ಕಳ್ಕೊಂಡಿದ್ದೂ ಇವರೇ). ಆ ಮೂರು ಜಾಗ ಸರಿಯಾಗಿ ತುಂಬಲೇ ಇಲ್ಲ. 2023ರಲ್ಲಿ ಟಾಪ್ ಎಂಟಕ್ಕೆ ಬರ್ಲಿಲ್ಲ, 2024ರಲ್ಲಿ ಪೂರ್ತಿ ಜಾರಿದ್ರು. ಗೋಡೆ ಬಿರುಕು ಬಿಟ್ಟಿದ್ದು ಮಳೆಗಾಲಕ್ಕೆ ಮುಂಚೆ, ಸೋರಿದಾಗ ಬೈದಿದ್ದು ಮಳೆಗೆ.

ಅಭಿಮಾನಿಗಳ ಸಿಟ್ಟೆಲ್ಲ ಬಿಟ್ಟು ಹೋದೋರ ಮೇಲೆ. ದುಡ್ಡಿಗೆ ಹೋದ್ರು, ನಿಯತ್ತಿಲ್ಲ, ಅಂತ ಕಟಿಂಗ್ ಅಂಗಡೀಲಿ ಒಬ್ಬೊಬ್ಬರದ್ದೂ ಒಂದೊಂದು ಶಾಪ. ಈ ಮಾತು ಬಂದಾಗ ನಾನು ಮಾತ್ರ ಫೋನ್ ನೋಡ್ಕೊಂಡು ಕೂರ್ತೀನಿ. ಬೆಂಗಳೂರಲ್ಲಿ ಏಳು ವರ್ಷ ಅನ್ನ ಹಾಕಿದ ಕಂಪನಿ ಬಿಟ್ಟು, ಹಾಸನದಲ್ಲಿ ಅಮ್ಮನ್ನ ಬಿಟ್ಟು, ಒಂದು ಆಫರ್ ಲೆಟರ್ ಹಿಡ್ಕೊಂಡು ಬಂದೋನು ನಾನು, ಪಾಪಾಲಿಗೆ ನಿಯತ್ತಿನ ಪಾಠ ಯಾವ ಬಾಯಲ್ಲಿ ಹೇಳ್ಲಿ? ಹಂಗೆ ನೋಡಿದ್ರೆ ಈ ಆಟ ಹುಟ್ಟಿದ್ದೇ ದುಡ್ಡಿನ ಜಗಳದಿಂದ. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು, ಗಣಿ ಮಿಲ್ಲು ಕೆಲಸ ಬಿಟ್ಟು ಆಡೋಕೆ ಬರೋರಿಗೆ ಹೋದ ಕೂಲಿನಾದ್ರೂ ತುಂಬಿ ಕೊಡ್ಬೇಕು ಅಂದ್ವು, ದೊಡ್ಡೋರು ಒಪ್ಪಲಿಲ್ಲ, ಇವರು ಪಾಲಾಗಿ ಬೇರೆ ಮನೆ ಮಾಡಿದ್ರು, ಅದೇ ರಗ್ಬಿ ಲೀಗ್, ಒಪ್ಪದೇ ಇದ್ದೋರದ್ದು ರಗ್ಬಿ ಯೂನಿಯನ್. ಆಮೇಲೆ ಆ ಪಾಪಾಲಿ ಕಥೆ ಏನಾಯ್ತು ಅಂದ್ರೆ, ಟೈಗರ್ಸಿಗೆ ಹೋದ ಮೇಲೆ 2023ರಲ್ಲಿ ಆ ಟೀಮು ಕೊನೇ ಸ್ಥಾನ. ಗ್ರ್ಯಾಂಡ್ ಫೈನಲಿಂದ ನೇರ ಪಾತಾಳಕ್ಕೆ. ಸಂಬಳ ಜಾಸ್ತಿ ಅಂತ ಕಂಪನಿ ಬದಲಾಯಿಸಿ ಆಮೇಲೆ ಹಲ್ಲು ಕಚ್ಕೊಂಡು ಕೂತೋರು ನಮ್ಮಲ್ಲೂ ಎಷ್ಟು ಜನ ಇದ್ದೀವಿ.

ಜೂನ್ ಜುಲೈ ಬೇಗ ಮುಗಿಸ್ತೀನಿ, ಹೆಚ್ಚಾಗಿ ಸೋಲೇ. ಟ್ರೆಂಟ್ ಬ್ಯಾರೆಟ್ ತಾತ್ಕಾಲಿಕ ಕೋಚ್ ಆದ್ರು, ಮುಂದಿನ ವರ್ಷಕ್ಕೆ ಜೇಸನ್ ರೈಲ್ಸ್ ಅಂತ ಘೋಷಣೆ ಆಯ್ತು. ಮೋಸೆಸ್ ವಾಪಸ್ ಬಂದ, ಸ್ಟೇಟ್ ಆಫ್ ಒರಿಜಿನ್ ಅಂತ ಎರಡು ರಾಜ್ಯಗಳ ನಡುವಿನ ಆಟದಲ್ಲಿ ನಮ್ಮ ರಾಜ್ಯ ನ್ಯೂ ಸೌತ್ ವೇಲ್ಸಿಗೆ ಸರಣಿ ಗೆಲ್ಲಿಸಿ ಕೊಟ್ಟ, ಅದೇ ಕೊನೇ ಮ್ಯಾಚಲ್ಲಿ ತೋಳಿನ ಸ್ನಾಯು ಹರ್ಕೊಂಡ. ರಾಜ್ಯ ಗೆಲ್ತು, ನಮಗೆ ಬಂದಿದ್ದು ಬ್ಯಾಂಡೇಜು. ಕ್ಯಾಪ್ಟನ್ ಗದರ್ಸನ್ 2025ಕ್ಕೆ ಡ್ರಾಗನ್ಸಿಗೆ, ಹತ್ತೊಂಬತ್ತರ ಹುಡುಗ ಟಲಾಗಿ ಪೆನ್ರಿತ್ತಿಗೆ. ಪೆನ್ರಿತ್ ಇಲ್ಲಿಂದ ಇನ್ನೂ ಪಶ್ಚಿಮಕ್ಕೆ, ನಮ್ಮದೇ ಟ್ರೇನ್ ಲೈನು, ಅವರು ಆ ಅಕ್ಟೋಬರಲ್ಲಿ ಸತತ ನಾಲ್ಕನೇ ಕಪ್ ಎತ್ತಿದ್ರು. ಪಕ್ಕದ ಮನೇಲಿ ವರ್ಷಾ ವರ್ಷಾ ಮದುವೆ, ನಮ್ಮನೇಲಿ ಜಾತಕಾನೇ ಕೂಡಿ ಬರ್ತಿಲ್ಲ.

ಈ ಲೀಗಲ್ಲಿ ಒಂದು ವಿಚಿತ್ರ ಇದೆ. 17 ಟೀಮು, ಬೆಸ ಸಂಖ್ಯೆ, ಅದಕ್ಕೆ ವಾರಕ್ಕೆ ಒಂದು ಟೀಮಿಗಾದ್ರೂ ರಜಾ, ಆ ರಜಾಕ್ಕೆ ಪುಕ್ಕಟೆ 2 ಪಾಯಿಂಟು. ವರ್ಷಕ್ಕೆ ಮೂರು ಸಲ ಹಿಂಗೆ ಆಡದೇನೇ ಪಾಯಿಂಟ್ ಬರುತ್ತೆ, ನಮ್ಮ ಹುಡುಗ ಅಂತೂ "ಅಪ್ಪಾ ಈ ವಾರ ನಾವು ಗೆಲ್ತೀವಿ, ಮ್ಯಾಚಿಲ್ಲ" ಅಂತ ಕುಣೀತಿದ್ದ. ಕೊನೇಗೆ ಬಂದೋರಿಗೆ ಕೆಳಗಿನ ಲೀಗಿಗೆ ತಳ್ಳೋ ಶಿಕ್ಷೆ ಇಲ್ಲ, ಬರೀ ಮರ್ಯಾದೆ ಹೋಗುತ್ತೆ, ಅದಕ್ಕೆ ಮರದ ಸೌಟು ಸಿಗ್ತು ಅಂತಾರೆ. ನಿಜವಾಗಿ ಯಾರೂ ಸೌಟು ಕೊಡಲ್ಲ, ಆದ್ರೆ ಎದುರು ಟೀಮಿನೋರು ಅಡುಗೆ ಮನೆಯಿಂದ ತಂದು ಗ್ಯಾಲರೀಲಿ ಬೀಸ್ತಾರೆ. ಇದನ್ನ ಅಮ್ಮನಿಗೆ ವಿವರಿಸಿದ್ದೇ ತಪ್ಪಾಯ್ತು. "ಕೊಟ್ರೆ ಬೇಡ ಅನ್ನಬೇಡ ಕಣೋ, ಇಲ್ಲಿ ಮುದ್ದೆ ಕೋಲು ಮುರಿದು ಹೋಗಿದೆ" ಅಂದ್ರು.

ಕೊನೇ ರೌಂಡಿಗೆ ಬಂದಾಗ ಈಲ್ಸು ಟೈಗರ್ಸು ಇಬ್ಬರಿಗೂ ಆರಾರು ಗೆಲುವು, 18-18 ಪಾಯಿಂಟು, ಇಬ್ಬರಿಗೂ ಕೊನೇ ಮ್ಯಾಚು ಪರಸ್ಪರ. ಸೋತೋರಿಗೆ ಸೌಟು. ಪೇಪರಿನೋರು ಅದಕ್ಕೆ ಸ್ಪೂನ್ ಬೌಲ್ ಅಂತ ಹೆಸರಿಟ್ರು, ವರ್ಷವಿಡೀ ನಮ್ಮ ಕಡೆ ತಿರುಗಿ ನೋಡದೇ ಇದ್ದೋರು ಆ ವಾರ ನಮ್ಮದೇ ಮಾತು. ದಿನ ಯಾವುದು ಅಂದ್ರೆ ಸೆಪ್ಟೆಂಬರ್ 6, ಶುಕ್ರವಾರ ಸಂಜೆ, ಗೌರಿ ಹಬ್ಬ! ಮಾರನೇ ದಿನ ಗಣೇಶ. ಮನೇಲಿ ನನ್ನಾಕೆ ಕಡುಬಿಗೆ ಹಿಟ್ಟು ನಾದ್ತಾ ಇದ್ಲು, ಬಾಗಿನ ಕೊಡೋಕೆ ಮೂರು ಮನೆ ಹೆಂಗಸರು ಬಂದಿದ್ರು, ನಡುಮನೇಲಿ ಅರಿಶಿನ ಕುಂಕುಮ, ನಾನೂ ಮಗನೂ ಫೋನ್ ಹಿಡ್ಕೊಂಡು ಬಟ್ಟೆ ಒಗೆಯೋ ರೂಮಲ್ಲಿ ಬಚ್ಚಿಟ್ಕೊಂಡಿದ್ವಿ. ಮ್ಯಾಚ್ ಕ್ಯಾಂಪ್‌ಬೆಲ್‌ಟೌನಲ್ಲಿ, ಅದು ಟೈಗರ್ಸ್ ಮನೆ. ಕಡುಬು ಕರಿಯೋ ವಾಸನೆ ಬರ್ತಾ ಇದೆ, ಈಲ್ಸ್ ಒಂದರ ಮೇಲೊಂದು ಟ್ರೈ ಹಾಕ್ತಾ ಇದಾರೆ, ವರ್ಷವಿಡೀ ಎಲ್ಲಿ ಬಚ್ಚಿಟ್ಟಿದ್ರೋ ಈ ಆಟಾನ, ನಾವು ಕಿರುಚೋ ಹಂಗಿಲ್ಲ, ಮಗ ವಾಷಿಂಗ್ ಮಷೀನ್ ಮೇಲೆ ಮೆಲ್ಲಗೆ ಗುದ್ದಿ ಗುದ್ದಿ ಸಂಭ್ರಮ ಪಡ್ತಿದ್ದ. 60-26. ಟೈಗರ್ಸಿಗೆ ಸತತ ಮೂರನೇ ಸೌಟು. ನಾವು 24 ಮ್ಯಾಚಲ್ಲಿ ಏಳು ಗೆದ್ದು, 17 ಟೀಮಲ್ಲಿ 15ನೇಯೋರು.

ಹೊರಗೆ ಬಂದ್ರೆ ಬೇಲಿ ಆಚೆ ತಾತ ಜರ್ಸಿ ಹಾಕ್ಕೊಂಡು ನಿಂತಿದ್ರು, ಒಂದು ತಟ್ಟೇಲಿ ನಾಲ್ಕು ಕಡುಬು ಕೊಟ್ಟೆ, ಯಾವ ಹಬ್ಬ ಅಂತ ಕೇಳಲೇ ಇಲ್ಲ, ಈಲ್ಸ್ ಗೆದ್ದಿದ್ದಕ್ಕೇ ಮಾಡಿದ್ದು ಅಂದ್ಕೊಂಡ್ರೋ ಏನೋ. ಅಷ್ಟೊತ್ತಿಗೆ ಊರಲ್ಲಿ ಮಧ್ಯಾಹ್ನ ಕಳೆದು ಅಮ್ಮನ ಪೂಜೆ, ಊಟ ಎಲ್ಲಾ ಮುಗಿದಿತ್ತು, ಫೋನ್ ಬಂತು. ಹಬ್ಬ ಆಯ್ತೇನೋ, ಏನೇನು ಮಾಡಿದ್ರಿ ಅಂತೆಲ್ಲ ಕೇಳಿ, ನನ್ನ ಮುಖ ನೋಡಿ, "ಏನೋ ಇವತ್ತು ಗೆದ್ದಂಗಿದೆ?"

"ಹೂಂ ಅಮ್ಮಾ, ಅರವತ್ತು ಹೊಡೆದ್ರು."

"ಹಂಗಾದ್ರೆ ಕಪ್ ಬಂತಾ?"

"ಇಲ್ಲಮ್ಮಾ, ಸೌಟು ಬರ್ಲಿಲ್ಲ."

"ಅಯ್ಯೋ," ಅಂದ್ರು ಅಮ್ಮ, "ಅದಾದ್ರೂ ಬರಬಾರ್ದಿತ್ತಾ."