ಕೀಟನ್‌ನ ಕಾಲು ಕತ್ತರಿಸಬ್ಯಾಡ್ರಿ

ಮೂಕಿ ಚಿತ್ರಗಳ ನಗೆನಟರಲ್ಲಿ ಚಾಪ್ಲಿನ್ ದೊಡ್ಡವನೋ ಬಸ್ಟರ್ ಕೀಟನ್ ದೊಡ್ಡವನೋ ಎಂಬ ವಾದ ಧಾರವಾಡದಲ್ಲಿ ಎದ್ದರೆ, ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ಖಾಲಿಯಾಗುವುದರೊಳಗೆ ಚಾಪ್ಲಿನ್ ಗೆದ್ದುಬಿಟ್ಟಿರುತ್ತಾನೆ. ಕೀಟನ್ ಪರ ಮಾತಾಡುವವರು ನೋಡಿರುವುದು ಹೆಚ್ಚಾಗಿ ಮೊಬೈಲಿಗೆ ಬಂದ ಒಂದು ತುಣುಕು: ಮನೆಯ ಗೋಡೆ ಬೀಳುತ್ತದೆ, ಅವನು ನಿಂತೇ ಇರುತ್ತಾನೆ. ಫೋನನ್ನು ಉದ್ದಕ್ಕೆ ಹಿಡಿದು ನೋಡಲಿ ಎಂದು ಆ ತುಣುಕಿನ ಎರಡೂ ಮಗ್ಗಲು ಕತ್ತರಿಸಿರುತ್ತಾರೆ. ಚಾಪ್ಲಿನ್ ಇಂಥ ಕತ್ತರಿಯನ್ನು ತಾಳಿಕೊಳ್ಳುತ್ತಾನೆ. ‘ಸಿಟಿ ಲೈಟ್ಸ್’ನ ಕೊನೆಯಲ್ಲಿ ಅವನ ಮುಖ ಒಂದು ಉಳಿದರೂ ಕೆಲಸ ಆಗುತ್ತದೆ. ಕೀಟನ್‌ನದು ಹಾಗಲ್ಲ. ಅವನ ನಟನೆ ನೆತ್ತಿಯಿಂದ ಅಂಗಾಲಿನವರೆಗೆ ಹಬ್ಬಿರುವಂಥದ್ದು. ಅವನಿಗೂ ಅವನ ಮೇಲೆ ನುಗ್ಗಿ ಬರುವ ವಸ್ತುವಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದೇ ಅದರ ಜೀವ.

ಇದು ರಂಗದಿಂದ ಬಂದ ಗುಣ. 1895ರಲ್ಲಿ ಕ್ಯಾನ್ಸಸ್‌ನಲ್ಲಿ ಹುಟ್ಟಿದ ಹುಡುಗ ಅಪ್ಪ-ಅವ್ವನ ಜೋಡಿ ‘ತ್ರೀ ಕೀಟನ್ಸ್’ ಆಟದಲ್ಲಿ ಬೆಳೆದ. ಅಪ್ಪ ಅವನನ್ನು ವೇದಿಕೆಯ ಮೇಲೆ ಎತ್ತಿ ಒಗೆಯುವುದೇ ಆಟದ ತಿರುಳು. ಗದುಗಿನ ಗರುಡ ಸದಾಶಿವರಾಯರ ಮಂಡಳಿಯಂಥ ಕಂಪನಿ ನಾಟಕಗಳ ಹೆಸರು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಹುಬ್ಬು ಕಾಣುವುದಿಲ್ಲ, ಬೀಳುವ ಮೈ ಕಾಣುತ್ತದೆ. 1917ರಲ್ಲಿ ನಗೆನಟ ರಾಸ್ಕೋ ಆರ್ಬಕಲ್‌ನ ‘ದ ಬುಚರ್ ಬಾಯ್’ ಮೂಲಕ ಸಿನಿಮಾಕ್ಕೆ ಬಂದಾಗ ಕೀಟನ್ ಆ ಲೆಕ್ಕವನ್ನೇ ಕ್ಯಾಮೆರಾದ ಮುಂದೆ ಇಟ್ಟ: ಇಡೀ ಮೈ ಕಾಣಬೇಕು, ಪೆಟ್ಟು ಬೀಳುವ ಹೊತ್ತಿಗೆ ಶಾಟ್ ಕತ್ತರಿಸಬಾರದು. ಕತ್ತರಿಸಿದರೆ ನೋಡುವವನಿಗೆ ಮೋಸದ ವಾಸನೆ ಬರುತ್ತದೆ.

ಆದ್ದರಿಂದ ಮೊದಲು ನಿಮ್ಮ ಟಿವಿ ಸರಿಮಾಡಿಕೊಳ್ರಿ. ಮೂಕಿ ಚಿತ್ರದ ಚೌಕಟ್ಟು 4:3, ಈಗಿನ ಟಿವಿಯದು 16:9. 43 ಇಂಚಿನ ಟಿವಿಯ ಅಗಲ ಸುಮಾರು 37.5 ಇಂಚು, ಚಿತ್ರಕ್ಕೆ ಬೇಕಾದದ್ದು 28. ಉಳಿದದ್ದು ಎರಡೂ ಕಡೆ ತಲಾ ನಾಲ್ಕೂಮುಕ್ಕಾಲು ಇಂಚಿನ ಕಪ್ಪು ಪಟ್ಟಿಯಾಗಿ ಇರಲೇಬೇಕು. ‘ರೊಕ್ಕ ಕೊಟ್ಟ ಪರದೆ ಖಾಲಿ ಯಾಕ ಬಿಡೋದು’ ಎಂದು ಯಾರಾದರೂ ರಿಮೋಟ್‌ನಲ್ಲಿ ಹಿಗ್ಗಿಸಿದರೆ ಕೀಟನ್ ಮೂರನೇ ಒಂದು ಪಾಲು ದಪ್ಪಗಾಗುತ್ತಾನೆ. ಝೂಮ್ ಮಾಡಿದರಂತೂ ಎತ್ತರದ ಕಾಲು ಭಾಗವೇ ಹೋಗುತ್ತದೆ: ಮೇಲೆ ಎಂಟನೇ ಒಂದು, ಕೆಳಗೆ ಎಂಟನೇ ಒಂದು. ಹೋಗುವುದು ಯಾವುದು? ಟೋಪಿ ಮತ್ತು ಬೂಟು. ಆ ಚಪ್ಪಟೆ ಟೋಪಿ ಅಂಗಡಿಯದಲ್ಲ. ಸಾದಾ ಹ್ಯಾಟ್ ಒಂದನ್ನು ಕತ್ತರಿಸಿ ಗಿಡ್ಡ ಮಾಡಿ, ಒಂದು ಟೀ ಕಪ್ ಬೆಚ್ಚಗಿನ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ, ಅಂಚಿಗೆ ಸವರಿ, ಗಟ್ಟಿ ನುಣುಪು ಹಲಗೆಯ ಮೇಲೆ ಒಣಗಿಸಿ ಅವನೇ ಬಿರುಸು ಮಾಡಿಕೊಳ್ಳುತ್ತಿದ್ದ. ಅಷ್ಟು ಮಾಡಿದವನ ಟೋಪಿಯನ್ನು ನಾವು ರಿಮೋಟ್‌ನಿಂದ ಹಾರಿಸುವುದು ಸರಿಯಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಇದ್ದರೆ ‘ಎ’ ಕೀಲಿ ಒತ್ತುತ್ತಾ ಹೋದರೆ ಚೌಕಟ್ಟಿನ ಅಳತೆ ಬದಲಾಗುತ್ತದೆ, 4:3ಕ್ಕೆ ನಿಲ್ಲಿಸಿ.

ಎರಡನೆಯದು ಮೋಷನ್ ಸ್ಮೂದಿಂಗ್. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂದಿರುತ್ತದೆ. ಪೂರ್ತಿ ಬಂದ್ ಮಾಡ್ರಿ. ಇದು ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ತಾನೇ ಊಹಿಸಿ ತುಂಬುತ್ತದೆ. ಹಳೆಯ ಪ್ರಿಂಟಿನ ಗೀರು, ಧೂಳಿನ ಚುಕ್ಕೆಗಳನ್ನು ಕಂಡರೆ ಅದಕ್ಕೆ ದಿಕ್ಕು ತಪ್ಪಿ, ಓಡುವ ಕಾಲುಗಳ ಸುತ್ತ ಮೇಣ ಸವರಿದ ಹಾಗೆ ಮಾಡುತ್ತದೆ. ಶಾರ್ಪ್‌ನೆಸ್ಸನ್ನೂ ಇಳಿಸಿ. ಬಣ್ಣವನ್ನು ಮಾತ್ರ ಸೊನ್ನೆಗೆ ತರಬ್ಯಾಡ್ರಿ, ‘ಸೆವೆನ್ ಚಾನ್ಸಸ್’ (1925) ಆರಂಭದ ದೃಶ್ಯ ಆ ಕಾಲದ ಟೆಕ್ನಿಕಲರ್ ಬಣ್ಣದಲ್ಲಿದೆ.

ಇನ್ನು ವೇಗ. ಹೆಚ್ಚಿನವರು ಎಡವುವುದು ಇಲ್ಲೇ. 35 ಮಿಮೀ ರೀಲಿನಲ್ಲಿ ಒಂದು ಅಡಿಗೆ 16 ಬಿಡಿ ಚಿತ್ರ. ಸಾವಿರ ಅಡಿಯ ರೀಲು ಸೆಕೆಂಡಿಗೆ 16ರಂತೆ ಓಡಿದರೆ ಹದಿನಾರೂವರೆ ನಿಮಿಷಕ್ಕೆ ಮೇಲೆ. ಟಾಕಿ (ಮಾತಿನ ಚಿತ್ರ) ಬಂದ ಮೇಲೆ ಖಾಯಂ ಆದ 24ರ ವೇಗದಲ್ಲಿ ಓಡಿದರೆ 11 ನಿಮಿಷ. ನಿಧಾನವಾಗಿ ತೆಗೆದದ್ದನ್ನು 24ರಲ್ಲಿ ಓಡಿಸಿದ್ದರಿಂದಲೇ ‘ಮೂಕಿ ಅಂದ್ರ ಗೊಂಬಿ ಕುಣದಂಗ’ ಎಂಬ ಅಭಿಪ್ರಾಯ ಹುಟ್ಟಿದ್ದು. 1910ರ ದಶಕದ ಚಿತ್ರಗಳಿಗೆ ಈ ದೂರು ನಿಜ. ಆದರೆ ಅದನ್ನು ಓದಿಕೊಂಡು ಕೀಟನ್‌ನ 1920ರ ದಶಕದ ಚಿತ್ರಗಳನ್ನೂ ಕಾಲುಭಾಗ ನಿಧಾನ ಮಾಡಿ ನೋಡುವವರಿದ್ದಾರೆ, ಅವರಿಗೆ ಸಿಗುವುದು ಉಪ್ಪಿಲ್ಲದ ಸಾರು. ಆ ಹೊತ್ತಿಗೆ ಚಿತ್ರೀಕರಣದ ವೇಗವೇ ಏರಿತ್ತು, ಮೇಲಾಗಿ ಬೆನ್ನಟ್ಟುವ ದೃಶ್ಯಗಳನ್ನು ಬೇಕೆಂದೇ ಚುರುಕಾಗಿ ಕಾಣುವಂತೆ ತೆಗೆಯುತ್ತಿದ್ದರು. ವೇಗ ಸರಿ ಇದೆಯೋ ಇಲ್ಲವೋ ತಿಳಿಯಲು ಕೀಟನ್‌ನನ್ನು ನೋಡಬ್ಯಾಡ್ರಿ. ಹಿಂದೆ ಸುಮ್ಮನೆ ನಡೆದುಹೋಗುವ ಮಂದಿಯನ್ನು, ಎಂಜಿನ್ನಿನ ಹೊಗೆಯನ್ನು, ಬೀಳುವ ನೀರನ್ನು ನೋಡ್ರಿ. ಅವು ಸಹಜವಾಗಿದ್ದರೆ ಕೈ ಹಚ್ಚಬಾರದು. ಇಲ್ಲದಿದ್ದರೆ ವಿಎಲ್‌ಸಿಯಲ್ಲಿ ಎಡ ಚೌಕ ಕಂಸದ ಕೀಲಿಯಿಂದ ಹತ್ತನೇ ಒಂದರಷ್ಟು ಇಳಿಸಿ ಮತ್ತೆ ನೋಡ್ರಿ.

ಈಗ ಆ ಗೋಡೆ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಗೋಡೆಯನ್ನು ಒಂದೇ ಸಾಹಸವೆಂದು ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಅದು ಮೂರನೇ ಸಲ. 1919ರ ‘ಬ್ಯಾಕ್ ಸ್ಟೇಜ್’ನಲ್ಲಿ ನಾಟಕದ ಪರದೆ-ಮನೆ ಆರ್ಬಕಲ್ ಮೇಲೆ ಬೀಳುತ್ತದೆ, ಅವನು ಕಿಟಕಿಯ ತೂತಿನಲ್ಲಿ ಉಳಿಯುತ್ತಾನೆ. ಹಗುರ ಸಾಮಾನು, ಹಗುರ ನಗೆ. 1920ರ ‘ಒನ್ ವೀಕ್’ನಲ್ಲಿ ಅದೇ ಉಪಾಯ ಮನೆಯ ಗೋಡೆಗೆ ಬರುತ್ತದೆ. 1928ರಲ್ಲಿ ಎರಡು ಅಂತಸ್ತಿನ ಮುಂಭಾಗ, ತೂಕ ಸುಮಾರು 2 ಟನ್. ಅಷ್ಟು ತೂಕ ಯಾಕೆ? ಬಿರುಗಾಳಿಯ ದೃಶ್ಯ, ಎದುರಿಗೆ ದೊಡ್ಡ ಗಾಳಿಯಂತ್ರಗಳು. ಹಗುರ ಗೋಡೆಯಾದರೆ ಬೀಳುವಾಗ ಗಾಳಿಗೆ ತಿರುಚಿಕೊಳ್ಳುತ್ತದೆ, ತಿರುಚಿದರೆ ಕಿಟಕಿ ಜಾಗ ಬಿಡುತ್ತದೆ. ಅಂದರೆ ಅವನನ್ನು ಕೊಲ್ಲಬಲ್ಲ ತೂಕವೇ ಅವನನ್ನು ಕಾಯುವ ತೂಕ. ಬುಡದಲ್ಲಿ ಕೀಲು, ಕೀಲಿನಿಂದ ಕಿಟಕಿಯವರೆಗಿನ ಎತ್ತರ ನೆಲದ ಮೇಲೆ ಅಳೆದರೆ ನಿಲ್ಲುವ ಜಾಗ ಸಿಕ್ಕಿತು, ಮೈ ಸುತ್ತ ಉಳಿದದ್ದು ಕೆಲವೇ ಇಂಚು. ಲೆಕ್ಕ ಶಾಲೆಯ ಭೂಮಿತಿ, ಆದರೆ ಉತ್ತರ ತಪ್ಪಿದರೆ ಎರಡನೇ ಟೇಕ್ ಇಲ್ಲ. ಮೂರನ್ನೂ ಒಂದೇ ಸಂಜೆ ಬೆನ್ನಿಗೆ ಬೆನ್ನು ಹಚ್ಚಿ ನೋಡ್ರಿ, ಕಿಟಕಿ ಎಷ್ಟು ಕಿರಿದಾಗುತ್ತಾ ಹೋಯಿತು ಅಂತ.

ಹುಬ್ಬಳ್ಳಿಯವರಿಗೆ ‘ದ ಜನರಲ್’ (1926) ಬೇರೆಯೇ ಸಿನಿಮಾ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂಡಿಸ್ರಿ. ಮನಸ್ಸು ಮುರಿದ ಕೀಟನ್ ಎಂಜಿನ್ನಿನ ಗಾಲಿಗಳನ್ನು ಜೋಡಿಸುವ ರಾಡಿನ ಮೇಲೆ ಕುಳಿತಿರುತ್ತಾನೆ; ಗಾಡಿ ಹೊರಡುತ್ತದೆ; ರಾಡಿನ ಜೊತೆ ಅವನೂ ಏರುತ್ತಾನೆ, ಇಳಿಯುತ್ತಾನೆ, ಅವನಿಗೆ ಗೊತ್ತೇ ಆಗುವುದಿಲ್ಲ. ನಮಗೆ ಇದು ವಿರಹ. ಹಬೆ ಎಂಜಿನ್ ಬಲ್ಲವರಿಗೆ ಎದೆ ಝಲ್ಲೆನ್ನುವ ದೃಶ್ಯ. ಹೊರಡುವಾಗ ಹಬೆ ಸ್ವಲ್ಪ ಹೆಚ್ಚು ಬಿಟ್ಟರೂ ಗಾಲಿ ಹಳಿಯ ಮೇಲೆ ಜಾರಿ ನಿಂತಲ್ಲೇ ಗರಗರ ತಿರುಗುತ್ತದೆ, ರಾಡ್ ಮೇಲಿದ್ದವನನ್ನು ಎತ್ತಿ ಬಡಿಯುತ್ತದೆ. ಇಲ್ಲಿ ಅಭಿನಯ ಅರ್ಧ ಕೀಟನ್‌ನದು, ಅರ್ಧ ಕಾಣದ ಡ್ರೈವರನ ಕೈಯದು. ಎಂಜಿನ್ನಿನ ಮೂತಿಗೆ ಹಚ್ಚಿದ ಕೌಕ್ಯಾಚರ್ ಎಂಬ ಜಾಲರಿಯ ಮೇಲೆ ಕುಳಿತು, ಹಳಿಗೆ ಅಡ್ಡ ಬಿದ್ದ ಸ್ಲೀಪರಿನ ತುದಿಗೆ ಇನ್ನೊಂದು ಸ್ಲೀಪರ್ ಒಗೆದು ಅದನ್ನು ಹಾರಿಸುವುದೂ ಇಂಥದ್ದೇ. ಅದು ಏತದ ಲೆಕ್ಕ, ಬೇಕಾದದ್ದು ಗುರಿ.

ಕೊನೆಗೆ ಒರೆಗಾನ್‌ನ ಕಾಟೇಜ್ ಗ್ರೋವ್ ಬಳಿ ಉರಿಯುವ ಸೇತುವೆಯ ಮೇಲಿಂದ ನಿಜವಾದ ಎಂಜಿನ್ ಹೊಳೆಗೆ ಬೀಳುತ್ತದೆ. ಆ ಒಂದು ಶಾಟಿಗೆ 42,000 ಡಾಲರ್ ಖರ್ಚಾಯಿತೆಂದು ಹೇಳುತ್ತಾರೆ. ಚಿತ್ರ ಹಣ ಮಾಡಲಿಲ್ಲ. ಮುಂದಿನದಕ್ಕೆಲ್ಲ ಇದೇ ಮೂಲ.

‘ಟಾಕಿ ಬಂತು, ಕೀಟನ್ ಮುಗಿದ’ ಎನ್ನುವುದು ನಮ್ಮ ಹರಟೆಗಳಲ್ಲಿ ಬೇರುಬಿಟ್ಟ ತಪ್ಪು. ದನಿಯಿಂದ ಅವನಿಗೆ ಏನೂ ಆಗಲಿಲ್ಲ. ಎಂಜಿಎಂ ಸ್ಟುಡಿಯೊಕ್ಕೆ ಅವನು ಮಾಡಿದ ಮಾತಿನ ಚಿತ್ರಗಳು ಒಳ್ಳೇ ದುಡಿದವು. 1928ರಲ್ಲಿ ಆ ಕಂಪನಿಗೆ ಸಹಿ ಹಾಕಿದಾಗ ಅವನು ಕಳೆದುಕೊಂಡದ್ದು ತನ್ನ ತಂಡ, ತನ್ನ ಸಮಯ, ಸ್ಕ್ರಿಪ್ಟ್ ಇಲ್ಲದೆ ಸೆಟ್ಟಿನಲ್ಲೇ ನಗೆ ಕಟ್ಟುವ ಸ್ವಾತಂತ್ರ್ಯ. ‘ದ ಕ್ಯಾಮೆರಾಮನ್’ (1928) ಹಳೆಯ ರುಚಿಯಲ್ಲೇ ಬಂತು. ಆಮೇಲೆ ಬೇರೆಯವರು ಬರೆದ ಮಾತು, ಹಾಸ್ಯನಟ ಜಿಮ್ಮಿ ಡ್ಯುರಾಂಟಿಯ ಜೋಡಿ, ಕುಡಿತ, 1933ರಲ್ಲಿ ಕೆಲಸದಿಂದ ತೆಗೆದದ್ದು. ಚಾಪ್ಲಿನ್‌ಗೆ ಸ್ವಂತ ಸ್ಟುಡಿಯೊ ಇತ್ತು. 1919ರಲ್ಲೇ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಚಿತ್ರ ಕಂಪನಿ ಕಟ್ಟಿದವರಲ್ಲಿ ಅವನೊಬ್ಬ. ಆದ್ದರಿಂದ 1936ರವರೆಗೂ ಹೆಚ್ಚುಕಡಿಮೆ ಮೂಕನಾಗಿಯೇ ಇರಲು ಅವನಿಗೆ ಸಾಧ್ಯವಾಯಿತು. ಮಾಲೀಕನಿಗೂ ಸಂಬಳದವನಿಗೂ ಇರುವ ಫರಕನ್ನು ಪ್ರತಿಭೆಯ ಫರಕು ಅಂತ ಅಳೆಯುವುದು ನ್ಯಾಯವಲ್ಲ.

ನೋಡುವ ಕ್ರಮ ಕೇಳಿದರೆ: ‘ಒನ್ ವೀಕ್’ ಮೊದಲು, ಅರ್ಧ ತಾಸೂ ಹಿಡಿಯುವುದಿಲ್ಲ. ಆಮೇಲೆ 45 ನಿಮಿಷದ ‘ಶೆರ್ಲಾಕ್ ಜೂನಿಯರ್’ (1924). ರೈಲಿನ ನೀರಿನ ಟ್ಯಾಂಕಿನ ಕೊಳವೆಯಿಂದ ನೀರು ಧೋ ಎಂದು ಅವನ ಮೇಲೆ ಸುರಿದು ಹಳಿಗೆ ಕೆಡವುವ ಕಡೆ ಎಚ್ಚರದಿಂದ ನೋಡ್ರಿ, ಅಲ್ಲಿ ಅವನ ಕತ್ತಿನ ಎಲುಬು ಮುರಿದಿತ್ತು. ಗೊತ್ತಾದದ್ದು ವರ್ಷಗಳ ಮೇಲೆ, ಎಕ್ಸ್‌ರೇಯಲ್ಲಿ. ಮೂರನೆಯದು ‘ಜನರಲ್’. ಅದನ್ನೇ ಮೊದಲು ಹಚ್ಚಿದರೆ ಹೊಸಬರು ನಗುವಿಗೆ ಕಾದು ಬೇಸರಪಡುತ್ತಾರೆ, ಯಾಕೆಂದರೆ ಅದು ಅರ್ಧ ಯುದ್ಧದ ಚಿತ್ರ. ಇಂಟರ್ನೆಟ್ಟಿನ ಪುಕ್ಕಟೆ ಪ್ರತಿಗಳಿಗೆ ಯಾವುದೋ ಪಿಯಾನೊ ತುಂಡು ಅಂಟಿಸಿರುತ್ತಾರೆ. ದೃಶ್ಯಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೆ ದನಿ ಬಂದ್ ಮಾಡಿ ನೋಡುವುದೇ ಮೇಲು.

ಚಾಪ್ಲಿನ್-ಕೀಟನ್ ವಾದ ಅಷ್ಟಕ್ಕೂ ನಿಲ್ಲದಿದ್ದರೆ 1952ರ ‘ಲೈಮ್‌ಲೈಟ್’ ತೆಗೀರಿ. ಇಬ್ಬರೂ ಒಂದೇ ವೇದಿಕೆಯ ಮೇಲೆ, ಒಬ್ಬನ ಕೈಯಲ್ಲಿ ಪಿಟೀಲು, ಇನ್ನೊಬ್ಬ ಪಿಯಾನೊ ಮುಂದೆ. ಮೊದಲ ಸಲ ಚಾಪ್ಲಿನ್‌ನನ್ನೇ ನೋಡ್ರಿ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಎರಡನೇ ಸಲ ಪಿಯಾನೊ ಮೇಲಿಂದ ಜಾರಿ ಜಾರಿ ಬೀಳುವ ಸ್ವರದ ಹಾಳೆಗಳನ್ನು ಹಿಡಿಯಲು ಒದ್ದಾಡುವ ಆ ಎರಡು ಕೈಗಳನ್ನಷ್ಟೇ ನೋಡ್ರಿ.