ಚಾರ್ಟಿಗೆ ಹಿಡಿಸದ ಶೇಂಗಾ ಗಿಡ

ನಾನು ಬೆಂಗಳೂರಿನವಳು. ಕಡಲೆಕಾಯಿ ಅಂದ್ರೆ ನನಗೆ ಬಸವನಗುಡಿ ಪರಿಷೆ. ಕಾರ್ತಿಕದ ಕೊನೇ ಸೋಮವಾರ ಅಮ್ಮನ ಕೈ ಹಿಡಿದು ಹೋಗುವುದು, ಸೇರಿನಲ್ಲಿ ಅಳೆಸಿಕೊಳ್ಳುವುದು, ಬರುವ ದಾರಿಯಲ್ಲೇ ಅರ್ಧ ಖಾಲಿ. ಅದು ಗಿಡದಲ್ಲಿ ಎಲ್ಲಿರುತ್ತೆ ಅಂತ ಯಾವತ್ತೂ ಯೋಚಿಸಿದವಳಲ್ಲ. ಅಂಥವಳಿಗೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಚಳ್ಳಕೆರೆ ಸೀಮೆಯ ಒಂದು ಹಳ್ಳಿ ಶಾಲೆಗೆ. ಊರ ಸುತ್ತ ಶೇಂಗಾ ಹೊಲ, ಪೇಟೆಗೆ ಹೋದರೆ ಎಣ್ಣೆ ಮಿಲ್ಲು.

ನಾಲ್ಕನೇ ಕ್ಲಾಸಿಗೆ ಗಿಡದ ಜೀವನಚಕ್ರದ ಪಾಠ. ರಾತ್ರಿ ಕೂತು ಚಾರ್ಟ್ ಬರೆದೆ. ಬೀಜ, ಮೊಳಕೆ, ಸಸಿ, ಗಿಡ, ಹೂವು, ಕಾಯಿ, ಮತ್ತೆ ಬೀಜ. ಒಂದರಿಂದ ಇನ್ನೊಂದಕ್ಕೆ ಬಾಣ. ಗುಂಡಗೆ ಚೆಂದ ಬಂದಿತ್ತು.

ಮನೆಯಿಂದ ಕಾಳು ತನ್ನಿ ಅಂದಿದ್ದೆ. ಹೆಸರುಕಾಳು, ಹುರುಳಿ ಬಂದವು. ಒಬ್ಬಳು ತೊಗರಿಬೇಳೆ ತಂದಿದ್ದಳು. ಇನ್ನೊಬ್ಬ ಹುರಿಗಡಲೆ, ಅದೂ ಜೇಬಿನಲ್ಲಿ ಉಳಿದಷ್ಟು. ನಾನೋ ಎಲ್ಲವನ್ನೂ ನೆನೆಹಾಕಿ, ಶನಿವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಬಂದೆ. ಸೋಮವಾರ ಬಾಗಿಲು ತೆಗೆದರೆ ಗಬ್ಬು ನಾತ. ಹೆಸರು, ಹುರುಳಿ ಬಾಲ ಬಿಟ್ಟಿದ್ದವು. ಬೇಳೆ ಲೋಳೆಯಾಗಿತ್ತು.

"ಅದು ಹುಟ್ಟಲ್ಲ ಮಿಸ್, ಮೂತಿ ಮುರಿದೋಗಿದೆ" ಅಂದ ಹಿಂದಿನ ಸಾಲಿನ ಹುಡುಗ.

ಮೂತಿ! ನನ್ನ ಪುಸ್ತಕದಲ್ಲಿ ಅದಕ್ಕೆ ಭ್ರೂಣ ಅಂತಿತ್ತು. ನೆನೆದ ಶೇಂಗಾ ಬೀಜವೊಂದನ್ನು ಅವನೇ ಉಗುರಿನಿಂದ ಬಿಡಿಸಿ ತೋರಿಸಿದ. ಎರಡು ಬೇಳೆಯ ನಡುವೆ, ಒಂದು ತುದಿಗೆ, ಪುಟಾಣಿ ಮೂತಿ. ಅದರೊಳಗೆ ಮಡಚಿಟ್ಟ ಹಾಗೆ ಎಳೆ ಎಲೆಗಳು. ಇಷ್ಟು ವರ್ಷ ಅದನ್ನೇ ಕಡಿದು ನುಂಗಿದ್ದೀನಿ, ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಬಂತು ತಕರಾರು. "ಈ ಚಾರ್ಟು ಶೇಂಗಾಕ್ಕೆ ಆಗಲ್ಲ ಮಿಸ್."

"ಯಾಕಾಗಲ್ಲ? ಅದರ ಕಾಯಿ ಬೇರಲ್ಲಿ ಬಿಡುತ್ತೆ, ಅಷ್ಟೇ" ಅಂದೆ, ಭಾರಿ ಧೈರ್ಯದಿಂದ.

ಇಡೀ ಕ್ಲಾಸು ನಕ್ಕಿತು. "ಬೇರಲ್ಲಲ್ಲ ಮಿಸ್, ಊಡದಲ್ಲಿ" ಅಂದಳು ಮನೆಯಲ್ಲಿ ತೆಲುಗು ಮಾತಾಡುವ ಹುಡುಗಿ. ಆಂಧ್ರದ ಗಡಿ ಹತ್ತಿರ, ಹಾಗಾಗಿ ಎರಡೂ ಭಾಷೆ ಕಲೆತೇ ಬರುತ್ತೆ. ಆಲದ ಬಿಳಲಿಗೂ ತೆಲುಗಿನಲ್ಲಿ ಊಡ ಅಂತಾರೆ. ಮೇಲಿನಿಂದ ಕೆಳಗೆ ಇಳಿಯುವುದು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ಅವಳು ಹೇಳಿದ್ದೇ ಸರಿ.

ಆದರೆ ಊಡ ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಅವರಲ್ಲೇ ಜಗಳ. ಹೂವು ಉದುರಿ ಹೋಗುತ್ತೆ, ಊಡ ಬೇರೆಯೇ ಹುಟ್ಟುತ್ತೆ ಅನ್ನುವವರೇ ಜಾಸ್ತಿ. ನಾನು ಓದಿದ್ದನ್ನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಖಾಲಿ ಪೇಂಟ್ ಡಬ್ಬಕ್ಕೆ ಮಣ್ಣು ತುಂಬಿ ನಾಲ್ಕು ಬೀಜ ಹಾಕಿದೆವು. ಜುಲೈ ಮೊದಲ ವಾರ.

ಒಂದು ತಿಂಗಳೊಳಗೆ ಹೂವು. ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ಎಲೆ ಸಂದಿಯಲ್ಲಿ ಹಳದಿಯಾಗಿ ಅರಳಿತ್ತು. ಆ ಸಂದಿಗೆ ಕೆಂಪು ದಾರ ಕಟ್ಟಿದೆವು. ಮಧ್ಯಾಹ್ನ ಬಿಸಿಯೂಟ ಮುಗಿಸಿ ಬಂದು ನೋಡಿದರೆ ಬಾಡಿ ಜೋತುಬಿದ್ದಿದೆ. "ಸತ್ತೋಯ್ತು" ಅಂತ ಒಬ್ಬ ತೀರ್ಪು ಕೊಟ್ಟ. ಒಂದು ವಾರ ಆ ಕಡೆ ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಒಂದು ದಿನ, ದಾರ ಕಟ್ಟಿದ ಅದೇ ಸಂದಿಯಿಂದ ಸೂಜಿ ಥರದ್ದೊಂದು ಇಣುಕಿತು. ತುದಿ ಚೂಪು, ಸ್ವಲ್ಪ ನೇರಳೆ ಬಣ್ಣ. ಆ ತುದಿಯಲ್ಲೇ ಮುಂದೆ ಕಾಯಿ ಆಗುವುದೆಲ್ಲ ಇರುತ್ತೆ. ಅದು ದಿನಾ ಉದ್ದ ಆಗುತ್ತಾ ನೆಲದ ಕಡೆ ಬಾಗಿತು. ಮಕ್ಕಳು ಸ್ಕೇಲ್ ಹಿಡಿದು ಅಳೆಯುತ್ತಿದ್ದರು, ಎರಡು ಸೆಂಟಿಮೀಟರ್, ಮೂರು. ತುದಿ ಮಣ್ಣಿಗೆ ತಾಗಿದ ದಿನ ಆಟದ ಪೀರಿಯಡ್‌ಗೂ ಯಾರೂ ಹೋಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ತುದಿಯೇ ಕಾಣಲಿಲ್ಲ, ಒಳಗೆ ಹೋಗಿತ್ತು. ಹೊಲದಲ್ಲೇ ಬೆಳೆದ ಮಕ್ಕಳು ಅವು. ಆದರೂ ಒಂದೇ ಹೂವಿನ ಹಿಂದೆ ಇಷ್ಟು ದಿನ ಯಾರು ಕೂತಿರ್ತಾರೆ, ಅಲ್ವಾ?

ಗಿಡದ ಮೇಲ್ಭಾಗದಲ್ಲೂ ಒಂದು ಹೂವು ಬಿಟ್ಟಿತ್ತು. ಅದರ ಸೂಜಿಗೆ ನೆಲ ಸಿಗಲೇ ಇಲ್ಲ. ಗಾಳಿಯಲ್ಲೇ ನೇತಾಡಿ ಒಣಗಿತು. ಮಣ್ಣಿನ ಕತ್ತಲೆ ಸಿಗದಿದ್ದರೆ ಕಾಯಿ ಕಟ್ಟಲ್ಲ. ಮಕ್ಕಳಿಗೆ ಇದೇ ಜಾಸ್ತಿ ಬೇಜಾರು. "ಅದಕ್ಕೇ ನಮ್ಮಪ್ಪ ಗಿಡದ ಬುಡಕ್ಕೆ ಮಣ್ಣು ಏರಿಸೋದು" ಅಂತ ಒಬ್ಬ ತಟ್ಟನೆ ಹೇಳಿದ. ಅಪ್ಪ ಮಾಡುವುದನ್ನು ದಿನಾ ನೋಡಿದ್ದ. ಯಾಕೆ ಅನ್ನುವುದು ಆಗ ಹೊಳೆದಿತ್ತು.

ಚಾರ್ಟ್ ಬದಲಾಯಿಸಿದೆವು. ಹೂವಿನಿಂದ ಹೊರಟ ಬಾಣ ಈಗ ಮಣ್ಣಿನ ಗೆರೆ ದಾಟಿ ಕೆಳಗಿಳಿಯಿತು. ಕಾಯಿಯಿಂದ ಬೀಜಕ್ಕೆ ಬಾಣ ಎಳೆಯುವಾಗ ಮತ್ತೆ ತಕರಾರು. "ನಮ್ಮನೇಲಿ ಬೀಜ ಇಟ್ಕೊಳಲ್ಲ ಮಿಸ್. ಎಲ್ಲಾ ಮಾರಿಬಿಡ್ತೀವಿ. ಮುಂಗಾರಿಗೆ ದುಡ್ಡು ಕೊಟ್ಟು ತರ್ತೀವಿ." ಸರಿ, ನೀನೇ ಬರಿ ಅಂದೆ. ಅವನು ಕಾಯಿಗೂ ಬೀಜಕ್ಕೂ ನಡುವೆ ಒಂದು ಲಾರಿ ಬರೆದ, ಪಕ್ಕದಲ್ಲಿ ಒಂದು ಅಂಗಡಿ, ಅಂಗಡಿ ಮುಂದೆ ಚೀಲ ಹಿಡಿದು ನಿಂತ ಅಪ್ಪ. ಇನ್‌ಸ್ಪೆಕ್ಷನ್‌ಗೆ ಬಂದವರು ಇದೇನಿದು ಅಂದರು. ಜೀವನಚಕ್ರ ಸರ್ ಅಂದೆ.

ನಾಲ್ಕರಲ್ಲಿ ಒಂದು ಗಿಡ ಮೇಕೆ ಪಾಲಾಯಿತು. ದಸರಾ ರಜೆಯಲ್ಲಿ ಪಕ್ಕದ ಮನೆಯ ಅಜ್ಜಿ ನೀರು ಹಾಕಿದರು. ಅಕ್ಟೋಬರ್ ಕೊನೆಗೆ ಉಳಿದ ಮೂರನ್ನೂ ಕಿತ್ತೆವು. ಒಟ್ಟು 31 ಕಾಯಿ. ದಾರದ ಬಣ್ಣ ಹೋಗಿತ್ತು, ಗಂಟು ಮಾತ್ರ ಬಿಚ್ಚಿರಲಿಲ್ಲ. ಅಲ್ಲಿಂದ ಇಳಿದ ಊಡದ ತುದಿಯಲ್ಲಿ ಎರಡು ಬೀಜದ ಕಾಯಿ.

ಮುಂದಿನ ವರ್ಷಕ್ಕೆ ಹತ್ತು ಕಾಯಿ ಒಣಗಿಸಿ ಎತ್ತಿಡಿ, ಉಳಿದದ್ದು ತಿನ್ನಿ ಅಂದೆ. ವಾರ ಬಿಟ್ಟು ಕವರ್ ಬಿಚ್ಚಿದರೆ ಆರೇ ಇದ್ದವು. ಇಲಿ ಅಂತೆ.